ನಕ್ಷೆ ಓದಿ ನಡೆಯುವ ಆಟ: ಕೊಡಗಿನಲ್ಲಿ ಓರಿಯೆಂಟಿಯರಿಂಗ್ ಆರಂಭಿಸುವ ಬಗೆ

ನಕ್ಷೆಯಲ್ಲಿ ಗುರುತಿಸಿದ ಜಾಗಗಳನ್ನು, ನಕ್ಷೆ ಮತ್ತು ದಿಕ್ಸೂಚಿಗಳನ್ನು ಮಾತ್ರ ನೆಚ್ಚಿಕೊಂಡು ಒಂದೊಂದಾಗಿ ಹುಡುಕುತ್ತ, ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಮುಗಿಸುವ ಕ್ರೀಡೆಗೆ ಓರಿಯೆಂಟಿಯರಿಂಗ್ ಎಂದು ಹೆಸರು. ಸ್ವೀಡನ್ ಮತ್ತು ನಾರ್ವೆಗಳ ಸೈನಿಕ ತರಬೇತಿಯಲ್ಲಿ ಹುಟ್ಟಿದ ಈ ಅಭ್ಯಾಸ 1897ರಲ್ಲಿ ಇಂದಿನ ಓಸ್ಲೋ ನಗರದ ಬಳಿ ಸಾರ್ವಜನಿಕ ಸ್ಪರ್ಧೆಯಾಯಿತು. 1961ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ರಚನೆಯಾಗಿ, 1966ರಲ್ಲಿ ಫಿನ್ಲೆಂಡಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಸ್ಪರ್ಧೆಯ ನಕ್ಷೆಯಲ್ಲಿ ಆರಂಭದ ಸ್ಥಳಕ್ಕೆ ತ್ರಿಕೋನ, ತಲುಪಬೇಕಾದ ಪ್ರತಿಯೊಂದು ಜಾಗಕ್ಕೆ ಸಂಖ್ಯೆಯಿರುವ ವೃತ್ತ, ಮುಕ್ತಾಯಕ್ಕೆ ಜೋಡಿ ವೃತ್ತ ಇರುತ್ತವೆ. ವೃತ್ತದ ನಡುವೆ ಇರುವ ಜಾಗಕ್ಕೆ ಕಂಟ್ರೋಲ್ ಎನ್ನುತ್ತಾರೆ, ಅಲ್ಲಿ ಬಿಳಿ ಮತ್ತು ಕಿತ್ತಳೆ ಬಣ್ಣದ ಸಣ್ಣ ಬಟ್ಟೆಯ ಗುರುತು ನೇತಾಡುತ್ತಿರುತ್ತದೆ. ಆರಂಭದಿಂದ ಮುಕ್ತಾಯದವರೆಗಿನ ಕಂಟ್ರೋಲುಗಳ ಸಾಲಿಗೆ ಕೋರ್ಸ್ ಎಂದು ಹೆಸರು. ಒಂದು ಕಂಟ್ರೋಲಿನಿಂದ ಇನ್ನೊಂದಕ್ಕೆ ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ಆಟವೆಲ್ಲ ಇರುವುದು ಆ ಒಂದು ನಿರ್ಧಾರದಲ್ಲಿ.

ಕೊಡಗಿನವರಿಗೆ ಈ ಕ್ರೀಡೆಯನ್ನು ಆರಂಭಿಸಲು ಒಂದು ಅನುಕೂಲವೂ ಒಂದು ಅನನುಕೂಲವೂ ಇವೆ. ಅನುಕೂಲವೆಂದರೆ, ಸೈನ್ಯದಲ್ಲಿ ದುಡಿದು ಬಂದವರು ಇಲ್ಲಿ ಊರೂರಿಗೂ ಸಿಗುತ್ತಾರೆ; ಮ್ಯಾಪ್ ರೀಡಿಂಗ್ ಅವರು ಕಲಿತೇ ಇರುವ ವಿದ್ಯೆ, ಎನ್‌ಸಿಸಿಯ ಪಾಠಗಳಲ್ಲೂ ಅದು ಇದೆ. ನೆರೆಮನೆಯ ನಿವೃತ್ತ ಸುಬೇದಾರರ ಮುಂದೆ ಒಂದು ಟೋಪೋಶೀಟ್, ಅಂದರೆ ನೆಲದ ಏರಿಳಿತವನ್ನು ತೋರಿಸುವ ಸರ್ಕಾರಿ ನಕ್ಷೆಯ ಹಾಳೆ, ಹರಡಿ ಕುಳಿತರೆ ಒಂದು ಸಂಜೆಯಲ್ಲಿ ಸಿಗುವ ಪಾಠ ಯಾವ ವಿಡಿಯೊದಲ್ಲೂ ಸಿಗಲಾರದು. ಅನನುಕೂಲವೆಂದರೆ ಇಲ್ಲಿ ಕಣ್ಣು ದೂರ ಹಾಯುವುದಿಲ್ಲ. ಕಾಫಿ ಗಿಡ, ಅದರ ಮೇಲೆ ಸಿಲ್ವರ್ ಓಕ್ ಮತ್ತು ಕಾಡುಮರಗಳ ನೆರಳು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಇವೆಲ್ಲದರ ಮೇಲೆ ಮಂಜು. ದೂರದ ಗೋಪುರವನ್ನೋ ಬೆಟ್ಟದ ತುದಿಯನ್ನೋ ನೋಡಿ ದಿಕ್ಕು ಹಿಡಿಯುವ ಉಪಾಯ ಇಂತಹ ಕಡೆ ನಡೆಯದು. ಆದ್ದರಿಂದ ಕೊಡಗಿನಲ್ಲಿ ಕಲಿಯುವವರು ಮೊದಲ ದಿನದಿಂದಲೇ ಕಾಲಡಿಯ ನೆಲದ ಏರಿಳಿತವನ್ನು ಓದಲು ಕಲಿಯಬೇಕು. ಈ ಲೇಖನದಲ್ಲಿ ಹೆಚ್ಚು ಜಾಗ ಅದಕ್ಕೇ ಮೀಸಲಾಗಿದೆ.

ನಕ್ಷೆಯನ್ನು ಹೊಂದಿಸಿಕೊಳ್ಳುವುದು

ಆರಂಭಕ್ಕೆ ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಟೋಪೋಶೀಟ್ ಸಾಕು. ಸಂಸ್ಥೆಯ ಆನ್‌ಲೈನ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡರೆ ಸಾರ್ವಜನಿಕರಿಗೆ ಮುಕ್ತವಾಗಿರುವ ಹಾಳೆಗಳನ್ನು ಪಿಡಿಎಫ್ ರೂಪದಲ್ಲಿ ಪಡೆಯಬಹುದು. ಹಳೆಯ ಕ್ರಮಸಂಖ್ಯೆಯ ಪ್ರಕಾರ ಕೊಡಗಿನ ಬಹುಪಾಲು 48ಪಿ ಗುಂಪಿನ ಹಾಳೆಗಳಲ್ಲಿ ಬರುತ್ತದೆ. ಉದಾಹರಣೆಗೆ ತಡಿಯಂಡಮೋಳ್ ಇರುವುದು 48ಪಿ/12ರಲ್ಲಿ. ಈ ಪ್ರಮಾಣದಲ್ಲಿ ಹಾಳೆಯ ಮೇಲಿನ 1 ಸೆಂಟಿಮೀಟರ್ ನೆಲದ ಮೇಲೆ 500 ಮೀಟರ್. ಮುದ್ರಿಸುವಾಗ ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆಯನ್ನು ಬಿಟ್ಟುಬಿಡಿ, ಇಲ್ಲದಿದ್ದರೆ ಪ್ರಮಾಣ ಕುಗ್ಗಿ ನಿಮ್ಮ ಅಳತೆಗಳೆಲ್ಲ ಸುಳ್ಳಾಗುತ್ತವೆ. ಅಂಚಿನಲ್ಲಿರುವ ಅಳತೆಪಟ್ಟಿಯ ಮೇಲೆ ಸ್ಕೇಲ್ ಇಟ್ಟು ಒಮ್ಮೆ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಟೋಪೋಶೀಟಿನ ಮಿತಿಯನ್ನೂ ತಿಳಿದಿರಬೇಕು. ಅದರಲ್ಲಿ ಎತ್ತರವನ್ನು ಸೂಚಿಸುವ ಕಾಂಟೂರ್ ರೇಖೆಗಳು, ಅಂದರೆ ಶಾಲೆಯಲ್ಲಿ ಕಲಿತ ಸಮೋನ್ನತ ರೇಖೆಗಳು, 20 ಮೀಟರಿಗೆ ಒಂದರಂತೆ ಇರುತ್ತವೆ. ಹಾಗಾಗಿ 15 ಮೀಟರ್ ಎತ್ತರದ ಒಂದು ಮೊಟ್ಟೆ, ಅಂದರೆ ಸಣ್ಣ ಗುಡ್ಡ, ಎರಡು ರೇಖೆಗಳ ನಡುವೆ ಸಿಕ್ಕಿಕೊಂಡರೆ ನಕ್ಷೆಯಲ್ಲಿ ಅದರ ಸುಳಿವೇ ಇರುವುದಿಲ್ಲ. ಕೊಡಗಿನಲ್ಲಿ ಅಂತಹ ಮೊಟ್ಟೆಗಳಿಗೆ ಲೆಕ್ಕವಿಲ್ಲ. ಓರಿಯೆಂಟಿಯರಿಂಗ್‌ಗೆಂದೇ ತಯಾರಿಸುವ ನಕ್ಷೆಗಳು ಸಾಮಾನ್ಯವಾಗಿ 1:15,000 ಅಥವಾ 1:10,000 ಪ್ರಮಾಣದಲ್ಲಿದ್ದು, ರೇಖೆಗಳ ಅಂತರ 5 ಮೀಟರ್ ಇರುತ್ತದೆ. ಅವುಗಳಲ್ಲಿ ಕಂದು ಬಣ್ಣ ನೆಲದ ಆಕಾರಕ್ಕೆ, ನೀಲಿ ನೀರಿಗೆ, ಕಪ್ಪು ಬಂಡೆ, ದಾರಿ ಮತ್ತು ಕಟ್ಟಡಗಳಿಗೆ, ಹಳದಿ ಬಯಲಿಗೆ. ಸುಲಭವಾಗಿ ಓಡಬಹುದಾದ ಕಾಡು ಬಿಳಿ ಬಣ್ಣದಲ್ಲಿರುವುದೂ, ಹಸಿರು ಗಾಢವಾದಷ್ಟೂ ನುಗ್ಗಲಾಗದ ಪೊದೆ ಎಂಬುದೂ ಹೊಸಬರಿಗೆ ಆಶ್ಚರ್ಯ ತರುತ್ತವೆ. ಈ ಲೆಕ್ಕದಲ್ಲಿ ನಮ್ಮ ಕಾಫಿತೋಟಗಳೆಲ್ಲ ಒಂದಲ್ಲ ಒಂದು ಬಗೆಯ ಹಸಿರೇ ಆಗುತ್ತವೆ!

ದಿಕ್ಸೂಚಿ ಮತ್ತು ಹೆಜ್ಜೆಯ ಎಣಿಕೆ

ಪಾರದರ್ಶಕ ತಳಹಲಗೆಯೂ ತಿರುಗಿಸಬಹುದಾದ ಡಿಗ್ರಿ ಬಳೆಯೂ ಇರುವ ದಿಕ್ಸೂಚಿಯನ್ನು ಕೊಳ್ಳಿರಿ. ಆಟಿಕೆಯ ದಿಕ್ಸೂಚಿ ಮತ್ತು ಫೋನಿನ ದಿಕ್ಸೂಚಿ ಎರಡೂ ಕಲಿಕೆಗೆ ಬೇಡ. ಕೊಳ್ಳುವಾಗ ಒಂದು ವಿಷಯವನ್ನು ಗಮನಿಸಬೇಕು. ಭೂಮಿಯ ಕಾಂತಕ್ಷೇತ್ರ ಉತ್ತರ ಯೂರೋಪಿನಲ್ಲಿ ಬಹಳ ಓರೆಯಾಗಿ ನೆಲದೊಳಕ್ಕೆ ಇಳಿಯುತ್ತದೆ, ದಕ್ಷಿಣ ಭಾರತದಲ್ಲಿ ಅದು ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿರುತ್ತದೆ. ಆದ್ದರಿಂದ ಅಲ್ಲಿಗೆಂದು ತೂಕ ಹೊಂದಿಸಿದ ಮುಳ್ಳು ಇಲ್ಲಿ ವಾಲಿಕೊಂಡು ತಳಕ್ಕೆ ಉಜ್ಜಬಹುದು. ನಮ್ಮ ವಲಯಕ್ಕೆ ಹೊಂದಿಸಿದ ಅಥವಾ ಎಲ್ಲ ವಲಯಗಳಲ್ಲೂ ನಡೆಯುವ ಮುಳ್ಳು ಇರುವುದನ್ನೇ ಕೇಳಿ ಪಡೆಯಿರಿ. ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ಕೊಡಗಿನಲ್ಲಿ ಎರಡು ಡಿಗ್ರಿಗಿಂತ ಕಡಿಮೆ, ಅದೂ ಪಶ್ಚಿಮದ ಕಡೆಗೆ. ಅರ್ಧ ಕಿಲೋಮೀಟರ್ ನಡೆದರೆ ಅದರಿಂದ ಆಗುವ ತಪ್ಪು ಹದಿನೆಂಟು ಮೀಟರನ್ನು ಮೀರದು. ಕಲಿಯುವ ಹಂತದಲ್ಲಿ ಅದನ್ನು ಮರೆತರೂ ನಷ್ಟವಿಲ್ಲ.

ದಿಕ್ಕು ಹಿಡಿಯುವ ಕ್ರಮ ಮೂರು ಹಂತಗಳದ್ದು. ದಿಕ್ಸೂಚಿಯ ಅಂಚನ್ನು, ಅದರ ಬಾಣ ಗುರಿಯ ಕಡೆಗಿರುವಂತೆ, ನೀವಿರುವ ಜಾಗದಿಂದ ಹೋಗಬೇಕಾದ ಜಾಗಕ್ಕೆ ನಕ್ಷೆಯ ಮೇಲೆ ಇಡಿ. ಬಳೆಯನ್ನು ತಿರುಗಿಸಿ ಅದರೊಳಗಿನ ಗೆರೆಗಳನ್ನು ನಕ್ಷೆಯ ಉತ್ತರ ಗೆರೆಗಳಿಗೆ ಸಮಾನಾಂತರ ಮಾಡಿ. ಆಮೇಲೆ ದಿಕ್ಸೂಚಿಯನ್ನು ಎದೆಯ ಮಟ್ಟದಲ್ಲಿ ಹಿಡಿದು, ಮುಳ್ಳಿನ ಕೆಂಪು ತುದಿ ಬಳೆಯೊಳಗಿನ ಗುರುತಿನಲ್ಲಿ ಕೂರುವವರೆಗೆ ನೀವೇ ತಿರುಗಿರಿ. ಎದುರಿಗೆ ಕಾಣುವ ಒಂದು ಮರವನ್ನು ಗುರಿಯಾಗಿಟ್ಟುಕೊಂಡು ಅಲ್ಲಿಗೆ ನಡೆದು, ಅಲ್ಲಿಂದ ಮತ್ತೊಂದನ್ನು ಆರಿಸಿಕೊಳ್ಳಬೇಕು. ಸಿಲ್ವರ್ ಓಕ್ ಮರಗಳು ಒಂದರಂತೆ ಇನ್ನೊಂದು ಇರುವುದರಿಂದ ಅತ್ತಿ, ಹಲಸು ಅಥವಾ ಕೊಂಬೆ ಮುರಿದ ಮರದಂತಹ ಬೇರೆಯಾಗಿ ಕಾಣುವ ಗುರುತನ್ನು ಹುಡುಕಿ. ಕಾಫಿ ಸಾಲುಗಳ ನಡುವಿನ ಸಲೀಸಾದ ದಾರಿ ನಿಮ್ಮನ್ನು ಅರಿವಿಲ್ಲದೆ ಪಕ್ಕಕ್ಕೆ ಸೆಳೆಯುತ್ತದೆ. ಕಬ್ಬಿಣದ ಗೇಟು, ಜೀಪು ಮತ್ತು ತಂತಿಬೇಲಿಯ ಹತ್ತಿರ ನಿಂತು ದಿಕ್ಕು ನೋಡಬಾರದು.

ದೂರವನ್ನು ಹೆಜ್ಜೆಯಿಂದ ಅಳೆಯುತ್ತಾರೆ. ಬಲಗಾಲು ನೆಲಕ್ಕೆ ತಾಗಿದಾಗಲೆಲ್ಲ ಒಂದು ಎಂದು ಎಣಿಸಿದರೆ ಸಾಮಾನ್ಯ ನಡಿಗೆಯಲ್ಲಿ 100 ಮೀಟರಿಗೆ ಅರವತ್ತರಿಂದ ಅರವತ್ತೈದರಷ್ಟು ಬರುತ್ತದೆ. ನಿಮ್ಮ ಸ್ವಂತ ಲೆಕ್ಕವನ್ನು ಕಂಡುಕೊಳ್ಳಲು ಕೊಡಗಿನಲ್ಲಿ ಮೈದಾನಕ್ಕೆ ಬರವಿಲ್ಲ: ಪೂರ್ಣ ಅಳತೆಯ ಹಾಕಿ ಟರ್ಫಿನ ಉದ್ದ 91.4 ಮೀಟರ್, ಅದಕ್ಕೆ ಇನ್ನೂ 8.6 ಮೀಟರ್ ಸೇರಿಸಿ ನಡೆದರೆ ಆಯಿತು. ಏರಿನಲ್ಲಿ ಹೆಜ್ಜೆ ಗಿಡ್ಡವಾಗುವುದರಿಂದ ತೋಟದ ಇಳಿಜಾರಿನಲ್ಲಿಯೂ ಟೇಪು ಹಿಡಿದು ಬೇರೆಯಾಗಿ ಎಣಿಸಿಟ್ಟುಕೊಳ್ಳಬೇಕು.

ನೆಲದ ಆಕಾರವನ್ನು ಓದುವುದು

ಕಾಂಟೂರ್ ರೇಖೆ ಎಂದರೆ ಒಂದೇ ಎತ್ತರದಲ್ಲಿರುವ ಬಿಂದುಗಳನ್ನು ಸೇರಿಸುವ ಗೆರೆ. ರೇಖೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ದೂರದೂರವಿದ್ದರೆ ಸಮತಟ್ಟು. ಇಷ್ಟನ್ನು ಎಲ್ಲರೂ ಪರೀಕ್ಷೆಗೆ ಬರೆದಿರುತ್ತಾರೆ. ಕಷ್ಟವಾಗುವುದು ರೇಖೆಗಳ ಬಾಗನ್ನು ಓದುವಾಗ. ರೇಖೆಗಳ ಗುಂಪು ಎತ್ತರದ ಕಡೆಗೆ ಮೊನೆಯಾಗಿ ಬಾಗಿದ್ದರೆ ಅಲ್ಲಿ ನೀರು ಇಳಿಯುವ ಕೊಲ್ಲಿ, ಅಂದರೆ ಸಣ್ಣ ಕಣಿವೆ, ಇದೆ. ತಗ್ಗಿನ ಕಡೆಗೆ ಚಾಚಿಕೊಂಡಿದ್ದರೆ ಅದು ಬೆಟ್ಟದ ಏಣು, ಅಂದರೆ ಚಾಚಿದ ದಿಣ್ಣೆಯ ಬೆನ್ನು. ಎರಡು ಮೊಟ್ಟೆಗಳ ನಡುವೆ ರೇಖೆಗಳು ಎರಡೂ ಕಡೆಯಿಂದ ಹಿಂದೆ ಸರಿದು ಖಾಲಿ ಜಾಗ ಬಿಟ್ಟಿದ್ದರೆ ಅದು ದಾಟಲು ಸುಲಭವಾದ ತಗ್ಗು, ಹಳೆಯ ಕಾಲುದಾರಿಗಳು ಹೆಚ್ಚಾಗಿ ಇಂತಹ ತಗ್ಗುಗಳಲ್ಲೇ ಬೆಟ್ಟವನ್ನು ದಾಟುತ್ತವೆ. ಕಲಿಯುವವರು ಹಾಳೆಯಲ್ಲಿ ಕೊಲ್ಲಿಗಳಿಗೆಲ್ಲ ನೀಲಿ ಪೆನ್ಸಿಲಿನಿಂದಲೂ ಏಣುಗಳಿಗೆಲ್ಲ ಕೆಂಪು ಪೆನ್ಸಿಲಿನಿಂದಲೂ ಗೆರೆ ಎಳೆದು ನೋಡಬೇಕು. ಹಾಳೆ ಹಾಳಾದರೂ ಚಿಂತೆಯಿಲ್ಲ, ಒಂದೆರಡು ಸಂಜೆ ಹೀಗೆ ಗೆರೆ ಎಳೆದವರಿಗೆ ಕಂದು ಗೆರೆಗಳ ಸಿಕ್ಕಿನೊಳಗಿಂದ ಬೆಟ್ಟ ಎದ್ದು ನಿಲ್ಲತೊಡಗುತ್ತದೆ.

ಕೊಡಗಿನ ನೆಲ ಈ ಅಭ್ಯಾಸಕ್ಕೆ ಬಹಳ ಸಹಕಾರಿ. ಇಲ್ಲಿ ಏಣು ಮತ್ತು ಇಳಿಜಾರುಗಳಲ್ಲಿ ತೋಟ ಮತ್ತು ಬಾಣೆ (ಗದ್ದೆಗೆ ಸೇರಿದ ಮರಗಾಡಿನ ಎತ್ತರದ ಜಾಗ), ತಳದ ಸಮತಟ್ಟಿನಲ್ಲಿ ಭತ್ತದ ಗದ್ದೆ, ಎರಡೂ ಸೇರುವ ಅಂಚಿನಲ್ಲಿ ಮನೆ, ಕಣ ಮತ್ತು ದಾರಿ. ನಕ್ಷೆಯಲ್ಲಿ ಉದ್ದಕ್ಕೆ ಹರಡಿದ ಗದ್ದೆಬಯಲನ್ನು ಕಂಡರೆ ಅದರ ನಡುವೆ ತೋಡೊಂದು ಹರಿಯುತ್ತಿದೆ ಎಂದೂ, ಅದರ ಎರಡೂ ಕಡೆ ನೆಲ ಏರುತ್ತದೆ ಎಂದೂ ಊಹಿಸಬಹುದು. ಮಂಜಿನಲ್ಲಿ ನೂರು ಅಡಿ ಕಾಣದಿದ್ದರೂ ಕಾಲು ಇಳಿಯುತ್ತಿದೆಯೇ ಏರುತ್ತಿದೆಯೇ, ಇಳಿಜಾರು ಎಡಕ್ಕಿದೆಯೇ ಬಲಕ್ಕಿದೆಯೇ ಎಂಬುದು ತಿಳಿಯುತ್ತದೆ. ‘ಈಗ ಏಣಿನ ಮೇಲಿದ್ದೇನೆ, ಎಡಗಡೆಯ ಕೊಲ್ಲಿ ದಾಟಿದರೆ ಇನ್ನೊಂದು ಏಣು ಸಿಗಬೇಕು’ ಎಂದು ಮೊದಲೇ ಹೇಳಿಕೊಂಡು, ಅದು ಹಾಗೆಯೇ ಸಿಕ್ಕಾಗ ಆಗುವ ಹಿಗ್ಗೇ ಈ ಕ್ರೀಡೆಯ ದೊಡ್ಡ ಆಕರ್ಷಣೆ. ಫೋನಿನ ನೀಲಿ ಚುಕ್ಕೆ ನೀವು ಎಲ್ಲಿದ್ದೀರಿ ಎಂದು ಹೇಳುತ್ತದೆಯೇ ಹೊರತು ಮುಂದೆ ಏನು ಬರಲಿದೆ ಎಂದು ಊಹಿಸುವ ಅವಕಾಶವನ್ನು ನಿಮಗೆ ಬಿಡುವುದಿಲ್ಲ.

ಮೊದಲ ಅಭ್ಯಾಸ ಪೇಟೆಯಲ್ಲಿ

ತೋಟಕ್ಕೆ ಇಳಿಯುವ ಮೊದಲು ಮಡಿಕೇರಿಯಂತಹ ಊರಿನಲ್ಲಿ ಅಭ್ಯಾಸ ಮಾಡುವುದು ಸುರಕ್ಷಿತ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ಆನ್‌ಲೈನ್ ನಕ್ಷೆಯ ಮಾಹಿತಿಯಿಂದ ಪೇಟೆಯ ನಕ್ಷೆಯೊಂದನ್ನು ಮುದ್ರಿಸಿಕೊಂಡು, ಕೋಟೆ, ಓಂಕಾರೇಶ್ವರ ದೇವಸ್ಥಾನ, ರಾಜಾಸೀಟ್, ಗದ್ದಿಗೆ, ಜನರಲ್ ತಿಮ್ಮಯ್ಯ ವೃತ್ತ ಇವುಗಳ ಆಸುಪಾಸಿನಲ್ಲಿ ಆರೇಳು ವೃತ್ತಗಳನ್ನು ಹಾಕಿ. ನೆನಪಿನಿಂದ ಹೋಗಬಾರದು ಎಂಬುದು ಇಲ್ಲಿನ ನಿಯಮ. ಊರು ಗೊತ್ತಿರುವವರಿಗೆ ಇದು ಕಠಿಣ. ಆದ್ದರಿಂದ ಗೆಳೆಯರೊಬ್ಬರಿಂದ ವೃತ್ತ ಹಾಕಿಸಿಕೊಂಡು, ನೀವು ಎಂದೂ ಹತ್ತದ ಮೆಟ್ಟಿಲುಗಳನ್ನೂ ಸಂದುಗಳನ್ನೂ ಅವರು ಸೇರಿಸುವಂತೆ ನೋಡಿಕೊಳ್ಳಿ. ಈ ಅಭ್ಯಾಸದಲ್ಲಿ ಎರಡು ರೂಢಿಗಳು ಕೈಗೆ ಹತ್ತಬೇಕು. ನೀವು ತಿರುಗಿದಾಗಲೆಲ್ಲ ನಕ್ಷೆಯನ್ನೂ ತಿರುಗಿಸಿ, ಅದರ ಉತ್ತರ ಸದಾ ನೆಲದ ಉತ್ತರಕ್ಕೆ ಹೊಂದಿಕೊಂಡಿರಬೇಕು, ಅಕ್ಷರಗಳು ತಲೆಕೆಳಗಾದರೂ ಸರಿಯೇ. ಹಾಗೆಯೇ ಹೆಬ್ಬೆರಳು ಸದಾ ನೀವಿರುವ ಜಾಗದ ಪಕ್ಕದಲ್ಲೇ ಇದ್ದು, ನೀವು ಸಾಗಿದಂತೆ ಅದೂ ಸಾಗಬೇಕು. ಸಂತೆಯ ದಿನವನ್ನೂ ಪ್ರವಾಸಿಗರ ವಾಹನ ತುಂಬುವ ವಾರಾಂತ್ಯವನ್ನೂ ಬಿಟ್ಟು ಬೆಳಗಿನ ಹೊತ್ತನ್ನು ಆರಿಸಿಕೊಳ್ಳಿರಿ.

ತೋಟದಲ್ಲಿ ಮೊದಲ ಕೋರ್ಸ್

ತೋಟ ಖಾಸಗಿ ಜಾಗ. ನಿಮ್ಮದಲ್ಲದಿದ್ದರೆ ಸಾಹುಕಾರರ ಒಪ್ಪಿಗೆ ಪಡೆದು, ಆ ದಿನ ಎಲ್ಲಿ ಕೆಲಸ ನಡೆಯುತ್ತಿದೆ, ಎಲ್ಲಿ ಔಷಧಿ ಹೊಡೆದಿದ್ದಾರೆ ಎಂಬುದನ್ನು ರೈಟರ್ (ತೋಟದ ಗುಮಾಸ್ತ) ಅಥವಾ ಮೇಸ್ತ್ರಿಯವರಲ್ಲಿ ಕೇಳಿ ತಿಳಿಯಬೇಕು. ಕಾಲವನ್ನೂ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಮಳೆಯಲ್ಲಿ ಈ ಆಟ ಬೇಡ. ಕೊಯ್ಲಿನ ತಿಂಗಳುಗಳಲ್ಲಿ ಕೆಲಸಕ್ಕೆ ಅಡ್ಡಿಯಾಗುತ್ತದೆ. ಹೂಮಳೆ ಬಿದ್ದು ಗಿಡ ಹೂವಾದಾಗ ಕೊಂಬೆ ಸವರಿಕೊಂಡು ಓಡಿದರೆ ನಷ್ಟ ಸಾಹುಕಾರರಿಗೆ. ಗದ್ದೆಯಲ್ಲಿ ಪೈರಿದ್ದರೆ ಬದುವಿನ ಮೇಲೆ ಮಾತ್ರ ನಡೆಯಬೇಕು.

ಕಂಟ್ರೋಲನ್ನು ಬಚ್ಚಿಡುವುದು ಹೊಸಬರು ಮಾಡುವ ದೊಡ್ಡ ತಪ್ಪು. ನಕ್ಷೆಯಲ್ಲಿ ಕಾಣುವ ಗುರುತಿನ ಬಳಿಯೇ ಅದು ಇರಬೇಕು: ಕೊಲ್ಲಿಯ ತಿರುವು, ಕೆರೆಯ ಮೂಲೆ, ಕಣದ ತುದಿ, ಎರಡು ಜೀಪ್ ದಾರಿಗಳು ಸೇರುವ ಜಾಗ. ಕೊಡಗಿನಲ್ಲಿ ಇವಲ್ಲದೆ ಇನ್ನೊಂದು ಸೊಗಸಾದ ಗುರುತಿದೆ. ಹಿಂದಿನ ಕಾಲದಲ್ಲಿ ರಕ್ಷಣೆಗೂ ಗಡಿಗೂ ತೋಡಿದ ಕಡಂಗಗಳು, ಅಂದರೆ ಆಳವಾದ ಕಂದಕ ಮತ್ತು ಅದರ ಪಕ್ಕದ ಮಣ್ಣಿನ ದಿಬ್ಬ, ಬೆಟ್ಟಗಳ ಮೇಲೆ ಬಹುದೂರ ಸಾಗುತ್ತವೆ. ಪಕ್ಕದಲ್ಲಿಟ್ಟುಕೊಂಡು ನಡೆದರೆ ದಾರಿ ತಪ್ಪದಂತೆ ಕಾಯುವ ಇಂತಹ ಉದ್ದನೆಯ ಗುರುತನ್ನು ಓರಿಯೆಂಟಿಯರಿಂಗ್‌ನಲ್ಲಿ ಹ್ಯಾಂಡ್‌ರೈಲ್ ಎನ್ನುತ್ತಾರೆ. ಗದ್ದೆಯ ಅಂಚು, ತೋಡು ಮತ್ತು ಜೀಪ್ ದಾರಿಗಳೂ ಅದೇ ಕೆಲಸ ಮಾಡುತ್ತವೆ. ಕಂಟ್ರೋಲನ್ನು ದಾಟಿಹೋದರೂ ನಿಮ್ಮನ್ನು ತಡೆದು ನಿಲ್ಲಿಸುವ ಅಡ್ಡ ಗುರುತೊಂದನ್ನು, ಉದಾಹರಣೆಗೆ ಮುಂದಿನ ತೋಡನ್ನು, ಮೊದಲೇ ನೋಡಿಟ್ಟುಕೊಳ್ಳಬೇಕು. ಕಂಟ್ರೋಲಿಗೆ ಹತ್ತಿರವಿರುವ ಖಚಿತವಾದ ಗುರುತಿನವರೆಗೆ ವೇಗವಾಗಿ ಹೋಗಿ, ಅಲ್ಲಿಂದ ದಿಕ್ಸೂಚಿ ಮತ್ತು ಹೆಜ್ಜೆಯೆಣಿಕೆಯಿಂದ ನಿಧಾನವಾಗಿ ಸಾಗುವುದು ಬಲ್ಲವರ ಕ್ರಮ.

ದೇವರಕಾಡು, ಕೈಮಡ (ಹಿರಿಯರ ಗುಡಿ), ಐನ್‌ಮನೆಯ (ಮನೆತನದ ಮೂಲಮನೆಯ) ಅಂಗಳ, ಲೈನ್‌ಮನೆಗಳ (ಕೆಲಸಗಾರರ ವಸತಿಗಳ) ಸುತ್ತಮುತ್ತ ಇವನ್ನೆಲ್ಲ ನಕ್ಷೆಯಲ್ಲಿ ಪ್ರವೇಶ ನಿಷಿದ್ಧವೆಂದು ಗೆರೆ ಎಳೆದು ತೋರಿಸಿ. ಸೋಲಾರ್ ಬೇಲಿಗಳನ್ನೂ ಆನೆ ಕಂದಕಗಳನ್ನೂ ಗುರುತಿಸಿ, ಕೋರ್ಸ್ ಅವನ್ನು ದಾಟದಂತೆ ರಚಿಸಬೇಕು.

ನೇರವೋ ಬಳಸುದಾರಿಯೋ

ದಾರಿಯ ಆಯ್ಕೆಗೆ ಒಂದು ಲೆಕ್ಕವಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರದ ಈಗಿನ ರೂಪದ ಪ್ರಕಾರ 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಏರಬೇಕಾದ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಎಂದರೆ 10 ಮೀಟರ್ ಏರುವುದು ಸಮತಟ್ಟಿನಲ್ಲಿ ಸುಮಾರು 83 ಮೀಟರ್ ನಡೆಯುವುದಕ್ಕೆ ಸಮ. ಎರಡು ಕಂಟ್ರೋಲುಗಳ ನಡುವೆ ಏಣೊಂದಿದ್ದು, ನೇರವಾಗಿ 400 ಮೀಟರ್ ದೂರ ಮತ್ತು 60 ಮೀಟರ್ ಏರು ಇದೆ ಎಂದುಕೊಳ್ಳಿ. ಆ ಏರು 500 ಮೀಟರಿಗೆ ಸಮವಾದ್ದರಿಂದ ಒಟ್ಟು ಶ್ರಮ 900 ಮೀಟರಿನದು. ಗದ್ದೆಯಂಚಿನ ದಾರಿಯಲ್ಲಿ ಏಣನ್ನು ಬಳಸಿ 800 ಮೀಟರ್ ಹೋದರೆ ಬೇಗ ತಲುಪುತ್ತೀರಿ, ಕಾಫಿ ಗಿಡಗಳ ನಡುವೆ ನುಗ್ಗುವ ಕಷ್ಟವೂ ತಪ್ಪುತ್ತದೆ. ನೇರದಾರಿಯ ಹಟ ಹಿಡಿದವರನ್ನು ಇಲ್ಲಿನ ಬೆಟ್ಟಗಳು ಬೇಗ ಸರಿಪಡಿಸುತ್ತವೆ.

ಆನೆ, ಮಂಜು, ಇಂಬಳ

ಯೂರೋಪಿನಲ್ಲಿ ಈ ಆಟವನ್ನು ಒಬ್ಬರೇ, ಸದ್ದಿಲ್ಲದೆ, ಓಡುತ್ತ ಆಡುತ್ತಾರೆ. ಕೊಡಗಿನಲ್ಲಿ ಈ ಮೂರನ್ನೂ ಬಿಡಬೇಕು. ಸಿದ್ದಾಪುರ, ವಿರಾಜಪೇಟೆ, ಪೊನ್ನಂಪೇಟೆ ಕಡೆಯ ತೋಟಗಳಲ್ಲಿ ಕಾಡಾನೆಗಳು ಹಗಲಿನಲ್ಲೂ ಗಿಡಗಳ ನಡುವೆ ನಿಂತಿರುತ್ತವೆ; ಹತ್ತು ಹೆಜ್ಜೆ ಸಮೀಪ ಬರುವವರೆಗೆ ಕಾಣದಿರಬಹುದು. ಬೆಳಿಗ್ಗೆ ಕೆಲಸದವರನ್ನು ವಿಚಾರಿಸದೆ ಒಳಗೆ ಹೆಜ್ಜೆ ಇಡಬಾರದು. ಇಬ್ಬರು ಮೂವರು ಜೊತೆಯಾಗಿ, ಮಾತನಾಡುತ್ತ ನಡೆಯಬೇಕು. ನಸುಕು ಮತ್ತು ಮುಸ್ಸಂಜೆ ಬೇಡವೇ ಬೇಡ. ಹಸಿ ಲದ್ದಿಯೋ ಹೊಸದಾಗಿ ಮುರಿದ ಕೊಂಬೆಯೋ ಕಂಡರೆ ಆ ದಿನದ ಆಟ ಅಲ್ಲಿಗೆ ಮುಗಿಯಿತು. ಇದರಲ್ಲಿ ಚೌಕಾಸಿಗೆ ಅವಕಾಶವಿಲ್ಲ.

ಮಂಜು ಕವಿದು ಜಾಗ ತಪ್ಪಿದಾಗ ಮೊದಲು ನಿಲ್ಲಬೇಕು, ಖಚಿತವಾಗಿ ತಿಳಿದಿದ್ದ ಕೊನೆಯ ಜಾಗಕ್ಕೆ ಹಿಂದಿರುಗಬೇಕು. ಹೊರಡುವ ಮೊದಲೇ ‘ಯಾವ ದಿಕ್ಕಿಗೆ ನಡೆದರೆ ಖಂಡಿತ ರಸ್ತೆ ಸಿಗುತ್ತದೆ’ ಎಂಬುದನ್ನು ನೋಡಿ ನಕ್ಷೆಯ ಅಂಚಿನಲ್ಲಿ ಬರೆದುಕೊಂಡಿರಬೇಕು. ನೀರು ಹರಿಯುವ ಕಡೆ ಹೋದರೆ ಊರು ಸಿಗುತ್ತದೆ ಎಂಬ ಮಾತು ಗದ್ದೆಬಯಲಿನ ಸೀಮೆಯಲ್ಲಿ ಹೆಚ್ಚಾಗಿ ನಿಜ. ಆದರೆ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ಅದೇ ಮಾತು ನಿಮ್ಮನ್ನು ಜಲಪಾತದ ತಲೆಗೆ ಕೊಂಡೊಯ್ಯಬಲ್ಲದು, ಅಲ್ಲಿ ತೊರೆಯನ್ನು ಹಿಡಿದು ಇಳಿಯಲೇಬಾರದು. ಸೀಟಿ ಜೊತೆಗಿರಲಿ. ನಿಮಿಷಕ್ಕೆ ಆರು ಬಾರಿ ಊದಿ ಒಂದು ನಿಮಿಷ ಬಿಡುವುದು ಅಂತರರಾಷ್ಟ್ರೀಯ ಅಪಾಯಸೂಚನೆ. ಫೋನನ್ನು ಸ್ವಿಚ್ ಆಫ್ ಮಾಡಿ ಚೀಲದಲ್ಲಿಡಿ, ಅಪಾಯವಾದಾಗ ಸಿಗ್ನಲ್ ಸಿಕ್ಕರೆ 112ಕ್ಕೆ ಕರೆ ಮಾಡಬಹುದು. ಇಂಬಳಕ್ಕೆ, ಅಂದರೆ ರಕ್ತ ಹೀರುವ ಜಿಗಣೆಗೆ, ಉದ್ದನೆಯ ಪ್ಯಾಂಟು, ಲೀಚ್ ಸಾಕ್ಸ್, ಸ್ವಲ್ಪ ಉಪ್ಪು ಅಥವಾ ಸುಣ್ಣ.

ಬೆಟ್ಟಕ್ಕೆ, ಆಮೇಲೆ ಸ್ವಂತ ನಕ್ಷೆಗೆ

ತೋಟದಲ್ಲಿ ಕೈ ಪಳಗಿದ ಮೇಲೆ ಬೆಟ್ಟವನ್ನು ನಕ್ಷೆಯೊಡನೆ ಹತ್ತಿ ನೋಡಬೇಕು. ಜಿಲ್ಲೆಯ ಅತಿ ಎತ್ತರದ, 1,748 ಮೀಟರಿನ ತಡಿಯಂಡಮೋಳ್ ಇದಕ್ಕೆ ತಕ್ಕದ್ದು. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನ ಕಾಲದ ನಾಲ್ಕುನಾಡು ಅರಮನೆಯ ಬಳಿಯಿಂದ ಹೊರಡುವ ದಾರಿಯಲ್ಲಿ ಮೇಲೇರಿದಂತೆ ಹುಲ್ಲುಗಾವಲು ತೆರೆದುಕೊಂಡು, ಶೋಲಾ ಎಂಬ ಗಿಡ್ಡ ಮರಗಳ ದಟ್ಟ ಕಾಡು ಕೊಲ್ಲಿಗಳ ಮಡಿಲಿಗೆ ಸರಿಯುತ್ತದೆ. ಹಾಳೆಯಲ್ಲಿ ನೀವು ನೀಲಿ ಪೆನ್ಸಿಲಿನಿಂದ ಎಳೆದ ಗೆರೆಗಳು ಅಲ್ಲಿ ಕಡುಹಸಿರು ಪಟ್ಟಿಗಳಾಗಿ ಬರಿಗಣ್ಣಿಗೆ ಕಾಣುತ್ತವೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ನಿಗದಿಯಾದ ದಾರಿಯಲ್ಲೇ ನಡೆಯುತ್ತ, ಪ್ರತಿ ತಿರುವಿನಲ್ಲೂ ಮುಂದೇನಿದೆ ಎಂದು ನಕ್ಷೆಯಿಂದ ಊಹಿಸುವುದಷ್ಟೇ ಅಲ್ಲಿನ ಅಭ್ಯಾಸ. ಅಭಯಾರಣ್ಯಗಳೊಳಗೆ ದಾರಿ ಬಿಟ್ಟು ಕಂಟ್ರೋಲ್ ಹುಡುಕುವ ಯೋಚನೆ ಬೇಡ.

ಇಷ್ಟರಲ್ಲಿ ಟೋಪೋಶೀಟ್ ಸಾಲದು ಎನಿಸಿರುತ್ತದೆ. ಓಪನ್‌ಓರಿಯೆಂಟಿಯರಿಂಗ್ ಮ್ಯಾಪರ್ ಎಂಬ ಉಚಿತ ತಂತ್ರಾಂಶ ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ನಡೆಯುತ್ತದೆ. ಅದರಲ್ಲಿ ಉಪಗ್ರಹ ಚಿತ್ರವನ್ನು ತಳದಲ್ಲಿಟ್ಟು ದಾರಿ, ಕಣ, ಕೆರೆ, ಗದ್ದೆಯಂಚುಗಳನ್ನು ಎಳೆದು, ಉಳಿದದ್ದನ್ನು ನೆಲದ ಮೇಲೆ ನಡೆದು ತುಂಬಬಹುದು. ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುವ ಎಸ್‌ಆರ್‌ಟಿಎಂ ಎತ್ತರದ ಮಾಹಿತಿಯನ್ನು ತೋಟದಲ್ಲಿ ಪೂರ್ತಿ ನಂಬಬೇಡಿ. ಬಾಹ್ಯಾಕಾಶದಿಂದ ರೇಡಾರ್ ಮೂಲಕ ಅಳೆದ ಆ ಎತ್ತರದಲ್ಲಿ ಮರಗಳ ಎತ್ತರವೂ ಬೆರೆತಿರುವುದರಿಂದ, ನೆರಳು ದಟ್ಟವಿರುವ ಕಡೆ ಇಲ್ಲದ ದಿಬ್ಬವೊಂದು ರೇಖೆಗಳಲ್ಲಿ ಕಾಣಿಸಿಕೊಳ್ಳಬಹುದು. ನಿಮ್ಮ ನಕ್ಷೆಯ ಮೂಲೆಯಲ್ಲಿ ಪ್ರಮಾಣ, ಕಾಂಟೂರ್ ಅಂತರ ಮತ್ತು ಕಾಂತೀಯ ಉತ್ತರದ ಗೆರೆಗಳ ಜೊತೆಗೆ ನೆಲವನ್ನು ನೋಡಿದ ತಿಂಗಳು ಮತ್ತು ವರ್ಷವನ್ನು ತಪ್ಪದೆ ಬರೆಯಿರಿ. 2018ರ ಆಗಸ್ಟಿನ ಭೂಕುಸಿತಗಳಲ್ಲಿ ಮಡಿಕೇರಿಯ ಸುತ್ತಮುತ್ತ ಇಳಿಜಾರುಗಳ ಆಕಾರವೇ ಬದಲಾಗಿರುವುದರಿಂದ ಹಳೆಯ ಹಾಳೆಗಳ ರೇಖೆಗಳು ಅಂತಹ ಕಡೆ ಹೊಂದುವುದಿಲ್ಲ. ಪ್ರತಿ ಮಳೆಗಾಲ ಕಳೆದ ಮೇಲೂ ಒಮ್ಮೆ ಕೋರ್ಸಿನುದ್ದಕ್ಕೂ ನಡೆದು, ಕುಸಿದ ಬರೆ (ಇಳಿಜಾರಿನ ಮಣ್ಣಿನ ಗೋಡೆ), ಬದಲಾದ ತೋಡು ಮತ್ತು ಹೊಸ ಬೇಲಿಗಳನ್ನು ನಕ್ಷೆಯಲ್ಲಿ ತಿದ್ದಿದ ನಂತರವೇ ಅದನ್ನು ಇನ್ನೊಬ್ಬರ ಕೈಗೆ ಕೊಡಬೇಕು.